ಮೂರು ಬಲಕ್ಕೆ, ಒಂದು ಕೆಳಕ್ಕೆ

ಸಿಂದಗಿ
ಶುಕ್ರವಾರ, ೧೭ ಜನವರಿ ೨೦೨೫

ಪ್ರೀತಿಯ ಕಲ್ಮೇಶಣ್ಣನಿಗೆ,

ನಿನ್ನ ತಂಗಿ ಭುವನೇಶ್ವರಿಯ ನಮಸ್ಕಾರ. ನಾನು ಇಲ್ಲಿ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ ಎಂದು ಸುರು ಮಾಡಲು ಹೋದೆ, ಕೈ ಏಳಲಿಲ್ಲ. ಸಿಟ್ಟಿನಲ್ಲಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ಮನಸ್ಸು ಕರಗುತ್ತದೆ, ಕಾಗದ ಮುದ್ದೆಯಾಗಿ ಮೂಲೆಗೆ ಹೋಗುತ್ತದೆ. ನಿನ್ನೆಯಿಂದ ಎರಡು ಹಾಗೇ ಹೋದವು.

ಕೈಯಲ್ಲಿ ಫೋನು ಇಟ್ಟುಕೊಂಡು ಕಾಗದ ಯಾಕೆ ಬರೆದಳು ಈಕೆ ಎಂದು ನೀನು ನಗಬಹುದು. ಫೋನಿನಲ್ಲಿ ನಿನ್ನನ್ನು ಹಿಡಿಯುವವರು ಯಾರು? ಬೇಡದ ಮಾತು ಬಂದ ಕೂಡಲೇ ಗಾಡಿಯಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ ಎನ್ನುತ್ತೀ. ಆ ಆಮೇಲೆ ಇವತ್ತಿನವರೆಗೆ ಬಂದಿಲ್ಲ. ಕಾಗದದ ಜೊತೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ನಾಳೆ ನಮ್ಮ ಅಂಗಡಿಯ ಶಹಾಬುದ್ದೀನ ಸಾಹೇಬರು ಬ್ಯಾನರ್ ತಲುಪಿಸಲು ಬಸವನ ಬಾಗೇವಾಡಿಗೆ ಹೊರಟಿದ್ದಾರೆ. ಅಲ್ಲಿಂದ ನಮ್ಮೂರು ಮಸೂತಿಗೂ ಹೋಗಿ ಮನೆಗೇ ಕೊಟ್ಟು ಬರುತ್ತೇನೆ ಎಂದಿದ್ದಾರೆ. ಜೊತೆಗೆ ಒಂದು ಡಬ್ಬಿ ಕುಸುರೆಳ್ಳು ಇದೆ. ಸಂಕ್ರಾಂತಿಗೆ ನಾನು ಯಾಕೆ ಬರಲಿಲ್ಲ ಎನ್ನುವುದನ್ನು ಮುಂದೆ ಹೇಳುತ್ತೇನೆ.

ನಮ್ಮ ಆಟದಿಂದಲೇ ಸುರು ಮಾಡುತ್ತೇನೆ. ಲಾಕ್‌ಡೌನಿನಲ್ಲಿ ಶಾಲೆಗಳು ಮುಚ್ಚಿ ನಿನ್ನ ಸ್ಕೂಲ್ ವ್ಯಾನು ಮನೆ ಮುಂದೆ ಧೂಳು ತಿನ್ನುತ್ತ ನಿಂತಾಗ ನಾವು ಹಿಡಿದ ಆಟ ಅದು. ಪ್ರತಿ ರವಿವಾರ ಊಟವಾದ ಮೇಲೆ ನೀನು ಮಸೂತಿಯಲ್ಲಿ, ನಾನು ಸಿಂದಗಿಯಲ್ಲಿ ಕಂಪ್ಯೂಟರ್ ಮುಂದೆ ಕೂತು, ಕಿವಿಗೆ ಫೋನು ಸಿಕ್ಕಿಸಿಕೊಂಡು, ಎತ್ತಿನ ಬಂಡಿಗಳನ್ನು ಹೊಡೆದುಕೊಂಡು ಮರಳುಗಾಡು ದಾಟಿ ವ್ಯಾಪಾರ ಮಾಡುವುದು. ಅದರಲ್ಲಿ ನಾವು ಕಟ್ಟಿದ ಊರಿಗೆ ಅಜ್ಜಿಯ ಹೆಸರಿಟ್ಟು ಗುಂಡವ್ವನ ಪ್ಯಾಟಿ ಎಂದು ಕರೆದೆವು. ಈಗ ಐದು ವರ್ಷವಾಗುತ್ತ ಬಂತು. ನಿನಗೆ ನಲವತ್ತೊಂದು, ನನಗೆ ಮೂವತ್ತೈದು. ನಮ್ಮಿಬ್ಬರನ್ನೂ ಕೂಸುಗಳು ಎಂದು ನಿನ್ನ ಹೆಂಡತಿ, ನಮ್ಮ ವಿಜಯಲಕ್ಷ್ಮಿ ವೈನಿ, ಆಡಿಕೊಳ್ಳುವುದು ತಪ್ಪೇನಲ್ಲ.

ದೀಪಾವಳಿಗೆ ನಾನು ಬಂದಾಗ ನಿನ್ನ ಮೂಗು ಲ್ಯಾಪ್‌ಟಾಪಿನ ಗಾಜಿಗೆ ಹತ್ತಿತ್ತು. ಹೀಗ್ಯಾಕೆ ಕೂತಿದ್ದೀ ಎಂದು ಕೇಳಿದರೆ ಚೀಲದ ಚಿತ್ರಗಳು ಇರುವೆಯಷ್ಟು ಸಣ್ಣ ಎಂದು ಆಟ ಮಾಡಿದವರನ್ನು ಬೈದೆ. ಆಟದಲ್ಲಿ ಚೀಲ ತೆರೆದರೆ ಸಾಲಿಗೆ ಎಂಟರಂತೆ ನಲವತ್ತೆಂಟು ಮನೆಗಳು. ಒಂದರಲ್ಲಿ ಔಷಧಿ, ಒಂದರಲ್ಲಿ ಹಗ್ಗ, ಒಂದರಲ್ಲಿ ದೀಪದ ಎಣ್ಣೆ. ಪ್ರತಿಯೊಂದಕ್ಕೂ ಬಟಾಣಿ ಗಾತ್ರದ ಚಿತ್ರ. ಸಣ್ಣವೇ ಇದ್ದವು, ಅದರಲ್ಲಿ ಸುಳ್ಳಿಲ್ಲ. ನಾನು ದೊಡ್ಡವು ಮಾಡಿಕೊಡುತ್ತೇನೆ ಎಂದೆ. ನೀನು ಬೇಡ ಬಿಡು, ನಡೆಯುತ್ತದೆ ಎಂದೆ. ನಾನು ಬಿಡುವ ಪೈಕಿಯೇ?

ನನ್ನ ಉದ್ಯೋಗ ನಿನಗೆ ಗೊತ್ತು. ಹುಟ್ಟುಹಬ್ಬದ ಬ್ಯಾನರಿನಲ್ಲಿ ಮುಖಂಡರ ಮುಖ ಕುಂಬಳಕಾಯಿಯಷ್ಟು ಮಾಡುವುದು, ಶುಭ ಕೋರುವವರ ಮುಖಗಳನ್ನು ನಿಂಬೆಹಣ್ಣಿನಷ್ಟು ಮಾಡಿ ಕೆಳಗೆ ಜೋಡಿಸುವುದು. ಹನ್ನೊಂದು ವರ್ಷ ಅದನ್ನೇ ಮಾಡಿದವಳಿಗೆ ನಲವತ್ತೆಂಟು ಚಿತ್ರ ದೊಡ್ಡದು ಮಾಡುವುದು ಯಾವ ಮಹಾ ಕೆಲಸ ಎಂಬ ಸೊಕ್ಕು ಇತ್ತು. ಆ ಸೊಕ್ಕು ಮೂರು ರವಿವಾರಗಳಲ್ಲಿ ಇಳಿಯಿತು.

ಎಲ್ಲ ಚಿತ್ರಗಳೂ ಒಂದೇ ದೊಡ್ಡ ಹಾಳೆಯಲ್ಲಿ ಅಂಟಿಕೊಂಡಿದ್ದವು. ಹಾಳೆಯನ್ನು ಎರಡರಷ್ಟು ಮಾಡಿದೆ. ಆಟ ಮಾತ್ರ ಹಳೆಯ ಅಳತೆಯಲ್ಲೇ ಕತ್ತರಿಸುತ್ತ ಹೋಯಿತು. ಒಂದು ಮನೆಯಲ್ಲಿ ಎತ್ತಿನ ಕಿವಿ ಮಾತ್ರ, ಇನ್ನೊಂದರಲ್ಲಿ ಅರ್ಧ ಕೊಡ. ಎಲ್ಲಿ ಕತ್ತರಿಸಬೇಕು ಎನ್ನುವ ಅಂಕಿಗಳು ಬೇರೆ ಕಡತದಲ್ಲಿದ್ದವು, ಒಂದೊಂದು ಚಿತ್ರಕ್ಕೆ ನಾಲ್ಕು ಅಂಕಿ. ಎಲ್ಲವನ್ನೂ ಕೈಯಿಂದ ತಿದ್ದಿದೆ. ನಡುವೆ ಎಲ್ಲೋ ಒಂದು ಅಲ್ಪವಿರಾಮ ಬಿಟ್ಟೆ, ಆಟವೇ ತೆರೆಯಲಿಲ್ಲ. ಆ ಒಂದು ಚುಕ್ಕಿ ಹುಡುಕಲು ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಾಯಿತು. ಅದು ಸಿಕ್ಕಿತು ಎನ್ನುವಷ್ಟರಲ್ಲಿ ದೊಡ್ಡ ಚಿತ್ರಗಳು ಪರದೆಯಲ್ಲಿ ಹಿಡಿಸದೆ ಬಲಗಡೆಯ ಎರಡು ಸಾಲು ಹೊರಗೆ ಹೋದವು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎನ್ನುತ್ತಾರಲ್ಲ, ಥೇಟ್ ಹಾಗೆ. ಕಡೆಗೆ ಸಾಲಿಗೆ ಎಂಟು ಇದ್ದದ್ದನ್ನು ನಾಲ್ಕು ಮಾಡಿದೆ. ಉಳಿದವು ಕೆಳಗೆ ಸರಿದವು. ಚಿತ್ರಗಳು ಹೋಳಿಗೆಯಷ್ಟು ಅಗಲ ಕಂಡವು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಅಂಗಡಿಯಲ್ಲಿ ಮೆಹನಾಜಳನ್ನು ಕರೆದು ತೋರಿಸಿದೆ. ಮೆಹನಾಜ ಯಾರು ಎಂದರೆ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಮದುವೆ ಕಾರ್ಡು ಮಾಡುವವಳು, ಒಮ್ಮೆ ನಿನಗೆ ಚಹಾ ತರಿಸಿಕೊಟ್ಟಿದ್ದಳು.

ನಿನಗೆ ಕಳಿಸಿದೆ. ಡಿಸೆಂಬರಿನ ಮೊದಲ ರವಿವಾರ ಆಡಲು ಕೂತೆವು. ಎತ್ತಿಗೆ ಗಾಯವಾಗಿತ್ತು, ಔಷಧಿ ಕೊಡು ಎಂದೆ. ನೀನು ಹಾವಿನ ವಿಷ ಕೊಟ್ಟೆ. ಎತ್ತು ಸತ್ತಿತು. ದೀಪಕ್ಕೆ ಎಣ್ಣೆ ಹಾಕು ಎಂದೆ, ಉಪ್ಪು ಸುರಿದೆ. ಬಾವಿಗೆ ಹಗ್ಗ ಇಳಿಸು ಎಂದರೆ ಹೊದಿಕೆ ಇಳಿಸಿದೆ. ನಾನು ಮೊದಲು ನಕ್ಕೆ. ಮುಂದಿನ ವಾರವೂ ಅದೇ ಆಯಿತು, ಆಗ ನಗು ಬರಲಿಲ್ಲ. ಇನ್ನೂ ಸಣ್ಣದಾಯಿತೇ ಎಂದು ಚಿತ್ರಗಳನ್ನು ಮತ್ತೊಂದಿಷ್ಟು ದೊಡ್ಡದು ಮಾಡಿದೆ. ನೀನು ಮತ್ತೊಂದು ಎತ್ತು ಕೊಂದೆ. ಐದು ವರ್ಷ ಸಾಕಿದ ಎತ್ತುಗಳು, ಅವಕ್ಕೆ ನಾನೇ ಹೆಸರಿಟ್ಟಿದ್ದೆ.

ಆ ದಿನ ನೀನು ಹಳೆಯದೇ ಚೆನ್ನಾಗಿತ್ತು, ಇದನ್ನು ತೆಗೆದುಹಾಕು ಎಂದೆ. ಮೂರು ವಾರ ಕಣ್ಣಿಗೆ ಕಣ್ಣು ಹಚ್ಚದೆ ಮಾಡಿದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ಬಾಯಿಗೆ ಬಂದಂತೆ ಅಂದೆ. ನೀನು ಲಕ್ಷ್ಯ ಕೊಡುವುದಿಲ್ಲ, ನಿನಗೆ ತಂಗಿ ಮಾಡಿದ್ದೆಂದರೆ ಸಸಾರ ಎಂದೆ. ನೀನು ಎದುರಾಡಲಿಲ್ಲ. ನಿನ್ನ ಸ್ವಭಾವಕ್ಕೆ ಅದು ತಕ್ಕುದಲ್ಲ, ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಾನೇ ಕಂಪ್ಯೂಟರ್ ಆರಿಸಿ ಎದ್ದುಹೋದೆ. ಮುಂದೆ ಎರಡು ರವಿವಾರ ಆಡಲಿಲ್ಲ, ನೆನಪಿರಬೇಕು.

ತಪ್ಪು ನನ್ನ ಕೆಲಸದಲ್ಲೇ ಇರಬಹುದೆಂದು ಕಡೆಗೆ ನಾನೇ ಸೋತೆ. ನೀನು ಯಾವ ಗುಂಡಿ ಒತ್ತಿದೆ, ಆಟ ಯಾವ ವಸ್ತು ಕೊಟ್ಟಿತು ಎನ್ನುವುದೆಲ್ಲ ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳುವಂತೆ ಮಾಡಿದೆ. ತಪ್ಪು ಹುಡುಕಲು ಹಾಗೆ ಮಾಡುತ್ತಾರೆ, ಇದರಲ್ಲಿ ಕಳ್ಳತನವೇನಿಲ್ಲ. ಜನವರಿ ಐದರಂದು ರಾಜಿಯಾಗಿ ಆಡಿದೆವಲ್ಲ, ಸೋಮವಾರ ಅಂಗಡಿಯಲ್ಲಿ ಆ ಕಡತ ತೆರೆದು ಕೂತೆ. ಔಷಧಿ ಕೊಡು ಎಂದಾಗಲೆಲ್ಲ ನೀನು ಒತ್ತಿದ್ದು ಒಂದೇ ರೀತಿ: ಮೂರು ಬಲಕ್ಕೆ, ಒಂದು ಕೆಳಕ್ಕೆ. ಎಣ್ಣೆ ಎಂದಾಗಲೆಲ್ಲ ಒಂದು ಬಲಕ್ಕೆ, ಎರಡು ಕೆಳಕ್ಕೆ. ಒಮ್ಮೆಯೂ ತಡೆದಿಲ್ಲ, ಒಮ್ಮೆಯೂ ಹಿಂದಕ್ಕೆ ಬಂದಿಲ್ಲ. ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಮೆಹನಾಜ ಹಿಂದೆ ನಿಂತು ನೋಡಿದಳು, ಕಾಗದದ ಮೇಲೆ ಎಂಟು ಮನೆಯ ಸಾಲು ಗೀಚಿದಳು, ಪಕ್ಕದಲ್ಲಿ ನಾಲ್ಕು ಮನೆಯ ಸಾಲು ಗೀಚಿದಳು, ಎರಡರ ಮೇಲೂ ಬೆರಳು ಇಟ್ಟು ನಡೆಸಿದಳು. ಎಂಟರ ಸಾಲಿನಲ್ಲಿ ಬೆರಳು ಹನ್ನೆರಡನೆಯ ಮನೆಗೆ ಬಂತು, ಅಲ್ಲಿ ಔಷಧಿ. ನಾಲ್ಕರ ಸಾಲಿನಲ್ಲಿ ಎಂಟನೆಯ ಮನೆಗೆ ಬಂತು, ಅಲ್ಲಿ ವಿಷ.

“ಅಕ್ಕಾರ, ನಿಮ್ಮಣ್ಣಾರು ನೋಡಾಕತ್ತಿಲ್ಲರಿ,” ಎಂದಳು. “ಎಣಸಾಕತ್ತಾರ.”

ನಾನು ಅವಳ ಮೇಲೆಯೇ ರೇಗಿದೆ. ಎಣಿಕೆಯಲ್ಲಿ ನಮ್ಮಣ್ಣ ಸಣ್ಣವನಿದ್ದಾಗಿನಿಂದ ಹುಷಾರು, ರೂಢಿಯ ಮೇಲೆ ಕೈ ಓಡುತ್ತದೆ, ಅದರಲ್ಲೇನು ಎಂದೆ. ಅವಳು ಗೀಚಿದ ಕಾಗದವನ್ನು ಮಾತ್ರ ಮಡಚಿ ಪರ್ಸಿಗೆ ಹಾಕಿಕೊಂಡೆ. ಎತ್ತು ಸತ್ತಮೇಲಾದರೂ ಕಣ್ಣಿದ್ದವನು ಕಣ್ಣು ಹಾಕಿ ನೋಡುತ್ತಿದ್ದ. ಹೋಳಿಗೆಯಷ್ಟು ದೊಡ್ಡ ಹಾವಿನ ಚಿತ್ರ ಮುಂದಿದ್ದಾಗ ಯಾರು ಅದನ್ನು ಎತ್ತಿಗೆ ಕೊಡುತ್ತಾರೆ?

ಅದಕ್ಕೇ ನಾನೊಂದು ಕೆಲಸ ಮಾಡಿದೆ. ಇದು ಮೋಸವೇ, ಒಪ್ಪಿಕೊಳ್ಳುತ್ತೇನೆ. ಚೀಲವನ್ನು ಹಳೆಯಂತೆ ಸಾಲಿಗೆ ಎಂಟು ಮಾಡಿದೆ. ಆಮೇಲೆ ನಲವತ್ತೆಂಟು ಚಿತ್ರಗಳನ್ನೂ ಅಳಿಸಿದೆ. ಬರೀ ಬೂದು ಬಣ್ಣದ ಖಾಲಿ ಮನೆಗಳು, ಒಂದು ಗೆರೆಯೂ ಇಲ್ಲ. ನಿನಗೆ ಕಳಿಸಿ, ಚಿತ್ರಗಳನ್ನು ಹೊಸದಾಗಿ ತಿದ್ದಿದ್ದೇನೆ, ಹೇಗಿವೆ ನೋಡು ಎಂದು ಸುಳ್ಳು ಹೇಳಿದೆ. ಹೋದ ರವಿವಾರ, ಹನ್ನೆರಡನೆಯ ತಾರೀಖು. ಬೈಯಲಿ ದೇವರೇ, ಇದೇನು ಖಾಲಿ ಕಳಿಸಿದ್ದೀ ಎಂದು ನನ್ನನ್ನು ಬಾಯಿತುಂಬ ಬೈಯಲಿ ಎಂದು ಕಾಯುತ್ತ ಕೂತಿದ್ದೆ. ನೀನು ಔಷಧಿ ಕೊಟ್ಟೆ, ಎಣ್ಣೆ ಹಾಕಿದೆ, ಹಗ್ಗ ಇಳಿಸಿದೆ. ಒಂದೂ ತಪ್ಪಲಿಲ್ಲ. ಮೂರು ತಾಸು ಆಡಿದೆವು. ಮುಗಿಸುವಾಗ ನೀನು ಎಷ್ಟು ಖುಷಿಯಾಗಿದ್ದೆ ಅಣ್ಣಾ.

“ಈಗ ನೋಡು ತಂಗಿ, ಒಂದೊಂದು ಚಿತ್ರ ಎದ್ದು ಕಾಣಾಕತ್ತಾವು. ಇಷ್ಟ ದಿನ ಎಲ್ಲಿಟ್ಟಿದ್ದಿ ಈ ಕೈಚಳಕ?”

ನಾನು ಹೂಂ ಎಂದೆ. ಫೋನಿಟ್ಟ ಮೇಲೆ ಹಿತ್ತಲಿಗೆ ಹೋಗಿ ಅತ್ತೆ. ನಮ್ಮ ಮನೆಯವರು ಏನಾಯಿತು ಎಂದು ಕೇಳಿದರು, ಆಟದಲ್ಲಿ ಸೋತೆ ಎಂದೆ.

ಈಗ ನಿನಗೆ ನಾನು ಎಲ್ಲಿಗೆ ಹೊರಟಿದ್ದೇನೆ ಎನ್ನುವುದು ಗೊತ್ತಾಯಿತು. ಎದ್ದು ಹೋಗಬೇಡ, ಪೂರ್ತಿ ಕೇಳು. ನೀನು ದಿನಾ ಮುಂಜಾನೆ ಇಪ್ಪತ್ತೆರಡು ಮಕ್ಕಳನ್ನು ವ್ಯಾನಿನಲ್ಲಿ ಕೂಡಿಸಿಕೊಂಡು ಮಸೂತಿಯಿಂದ ಬಾಗೇವಾಡಿಗೆ ಹೋಗುತ್ತೀ, ಸಂಜೆ ತಿರುಗಿ ಬರುತ್ತೀ. ಅದನ್ನು ಹೇಗೆ ಮಾಡುತ್ತೀ ಎಂದು ಐದು ದಿನದಿಂದ ಯೋಚಿಸಿ ಯೋಚಿಸಿ ನನಗೆ ತಲೆ ಕೆಟ್ಟಿದೆ. ರಸ್ತೆಯನ್ನೂ ಎಣಿಸುತ್ತೀಯಾ? ಊರು ಬಿಟ್ಟು ಎರಡು ಉಬ್ಬು ದಾಟಿದರೆ ಬೇವಿನಮರ, ಅಲ್ಲಿಂದ ಇಷ್ಟು ದೂರಕ್ಕೆ ಕಾಲುವೆಯ ಸೇತುವೆ, ಅಲ್ಲಿ ಎಡಕ್ಕೆ? ಹದಿನೇಳು ವರ್ಷ ಅದೇ ದಾರಿ, ಕೈಗೆ ರೂಢಿಯಾಗಿದೆ, ಒಪ್ಪಿದೆ. ಚೀಲದಲ್ಲಿ ನಾನು ಸಾಲು ಬದಲಿಸಿದ ದಿನ ಏನಾಯಿತು? ರಸ್ತೆಯ ಸಾಲು ದಿನಾ ಬದಲಾಗುತ್ತದೆ. ಇದು ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ನಟ್ಟನಡುವೆ ನಿಂತಿರುತ್ತವೆ. ಮಂಜು ಬಿದ್ದಿರುತ್ತದೆ. ಒಂದು ಮುದುಕಿ ಮೇಕೆ ಹೊಡೆದುಕೊಂಡು ಅಡ್ಡ ಬರುತ್ತಾಳೆ. ಅವರನ್ನೆಲ್ಲ ಯಾವ ಎಣಿಕೆಯಲ್ಲಿ ಹಿಡಿಯುತ್ತೀ?

ಹೋದ ವರ್ಷ ನೀನೇ ಕೇಳಿ ಆಟದಲ್ಲಿ ಕೆಲಸ ಅದಲು ಬದಲು ಮಾಡಿಕೊಂಡೆ. ಇನ್ನು ಮುಂದೆ ದಾರಿ ನೋಡಿ ಬಂಡಿ ಹೊಡೆಯುವುದು ನಿನ್ನ ಪಾಲು, ಚೀಲ ಸಂಬಾಳಿಸುವುದು ನನ್ನ ಪಾಲು ಎಂದೆ. ಅಣ್ಣ ನನಗೆ ದೊಡ್ಡ ಕೆಲಸ ಒಪ್ಪಿಸಿದ ಎಂದು ನಾನು ಹಿಗ್ಗಿದ್ದೆ. ಸುಳ್ಳು ದಾರಿಯಲ್ಲಿ ಸುಳ್ಳು ಎತ್ತುಗಳನ್ನು ಹೊಡೆಯಲು ನಿನಗೆ ಧೈರ್ಯ ಸಾಲಲಿಲ್ಲ. ಖರೇ ದಾರಿಯಲ್ಲಿ ಊರವರ ಮಕ್ಕಳನ್ನು ಕೂಡಿಸಿಕೊಂಡು ಹೋಗಲು ಹೇಗೆ ಧೈರ್ಯ ಬಂತು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಮಾಡಿದೆಯಲ್ಲೋ ಅಣ್ಣಾ.

ನನ್ನದೂ ತಪ್ಪಿದೆ, ಅದನ್ನು ಮುಚ್ಚಿಡುವುದಿಲ್ಲ. ರವಿವಾರವೇ ನನಗೆ ಗೊತ್ತಾಗಿತ್ತು. ಸೋಮವಾರ ಬೆಳಗ್ಗೆ ನೀನು ಗಾಡಿ ತೆಗೆಯುವ ಹೊತ್ತಿಗೆ ಫೋನು ಕೈಯಲ್ಲಿ ಹಿಡಿದು ನಿಂತಿದ್ದೆ, ಮಾಡಲಿಲ್ಲ. ಮಂಗಳವಾರ ಸಂಕ್ರಾಂತಿಯ ರಜೆ, ಆ ಒಂದು ದಿನ ಉಸಿರಾಡಿದೆ. ನಿನ್ನ ಮುಖ ನೋಡಿದರೆ ಎಲ್ಲ ಬಾಯಿಗೆ ಬಂದೀತೆಂದು ಮನೆಗೂ ಬರಲಿಲ್ಲ. ಬುಧವಾರ, ಗುರುವಾರ, ಇವತ್ತು ಮುಂಜಾನೆ ಮತ್ತೆ ಸುಮ್ಮನಿದ್ದೆ. ಗಾಡಿ ಹೋದರೆ ಅಣ್ಣನ ಕೈ ಮುರಿದಂತಾಗುತ್ತದೆ, ಹತ್ತೊಂಬತ್ತು ವರ್ಷದವನಿದ್ದಾಗ ಸ್ಟೇರಿಂಗ್ ಹಿಡಿದವನು, ಊರಲ್ಲಿ ಅವನನ್ನು ಡ್ರೈವರ್ ಕಲ್ಮೇಶ ಎಂದೇ ಕರೆಯುತ್ತಾರೆ, ಆ ಹೆಸರನ್ನು ನಾನು ಹೇಗೆ ಕೀಳಲಿ ಎಂದು ನನ್ನ ಹೇಡಿತನಕ್ಕೆ ಪ್ರೀತಿಯ ಹೆಸರು ಕೊಟ್ಟುಕೊಂಡೆ. ಆ ನಾಲ್ಕು ದಿನ ಇಪ್ಪತ್ತೆರಡು ತಾಯಂದಿರು ತಲೆ ಬಾಚಿ, ಡಬ್ಬಿ ಕಟ್ಟಿ ಮಕ್ಕಳನ್ನು ನಿನ್ನ ಕೈಗೆ ಕೊಟ್ಟರು. ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಏನಾದರೂ ಆಗಿದ್ದರೆ ನಿನಗಿಂತ ದೊಡ್ಡ ಪಾಪ ನನ್ನದಾಗುತ್ತಿತ್ತು.

ನಿನ್ನೆ ಸಂಜೆ ವೈನಿ ಕುಸುರೆಳ್ಳಿನ ವಿಷಯಕ್ಕೆ ಫೋನ್ ಮಾಡಿದವರು ನಡುವೆ ಹೇಳಿದರು, ಕಬ್ಬಿನ ಟ್ರ್ಯಾಕ್ಟರ್ ಒರೆಸಿಕೊಂಡು ಹೋಗಿ ವ್ಯಾನಿನ ಎಡಗಡೆಯ ಕನ್ನಡಿ ಒಡೆಯಿತಂತೆ. ಮಕ್ಕಳಿಗೆ ಏನೂ ಆಗಲಿಲ್ಲವಂತೆ. ತಪ್ಪು ಟ್ರ್ಯಾಕ್ಟರಿನವನದೇ ಎಂದು ನೀನು ಹೇಳಿದೆಯಂತೆ. ಟ್ರ್ಯಾಕ್ಟರ್ ನಿಂತಿತ್ತೋ ಓಡುತ್ತಿತ್ತೋ ಎಂದು ಕೇಳಿದೆ. ನಿಂತಿತ್ತು ಎಂದರು ವೈನಿ. ನಿಂತ ಟ್ರ್ಯಾಕ್ಟರ್ ಹೇಗೆ ಒರೆಸಿಕೊಂಡು ಹೋಗುತ್ತದೆ ಎಂದು ಅವರಿಗೆ ಹೊಳೆಯಲಿಲ್ಲ, ನಿನ್ನ ಮೇಲೆ ಅಷ್ಟು ನಂಬಿಕೆ. ಎಡಗಡೆಯ ಕನ್ನಡಿ ಎಂದರೆ ಬಾಗಿಲಿನ ಪಕ್ಕ. ಮಕ್ಕಳು ಇಳಿಯುವ ಪಕ್ಕ.

ಆದ್ದರಿಂದ ಈಗ ಹೇಳುತ್ತೇನೆ ಕೇಳು. ತಂಗಿ ಎಂದು ಕೇಳಿಕೊಳ್ಳುವ ಮಾತು ಇದಲ್ಲ. ಶನಿವಾರ ನಿಮ್ಮ ಶಾಲೆಗೆ ರಜೆ, ಸೋಮವಾರ ಮುಂಜಾನೆ ಆ ವ್ಯಾನು ನಿನ್ನ ಕೈಯಲ್ಲಿ ಹೊರಗೆ ಬರಬಾರದು. ಶಾಲೆಯ ಹೆಡ್‌ಮಾಸ್ತರರಿಗೆ ನೀನೇ ಹೇಳಬೇಕು, ಕಣ್ಣಿಗೆ ಕಾಣುತ್ತಿಲ್ಲ ಎಂದು ನಿನ್ನ ಬಾಯಿಂದಲೇ ಹೇಳಬೇಕು. ಮೈಯಲ್ಲಿ ಹುಷಾರಿಲ್ಲ, ಎರಡು ದಿನ ರಜೆ ಎಂದು ಸುತ್ತಿ ಬಳಸಿ ಹೇಳಿದರೆ ನಾನು ಅಲ್ಲೇ ನಿಂತು ತಿದ್ದುತ್ತೇನೆ, ಯಾಕೆಂದರೆ ರವಿವಾರ ಮೊದಲನೆಯ ಬಸ್ಸಿಗೆ ನಾನು ಹೊರಟಿದ್ದೇನೆ. ಸೋಮವಾರ ನಿನ್ನನ್ನು ವಿಜಯಪುರಕ್ಕೆ ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅದು ಪೊರೆಯೋ ಮತ್ತೊಂದೋ ನನಗೆ ಗೊತ್ತಿಲ್ಲ. ತೆಗೆದುಹಾಕಿದರೆ ಹೋಗುವಂಥದ್ದಾದರೆ ದೇವರು ದೊಡ್ಡವನು. ಹೋಗದಿದ್ದರೆ ಮುಂದೆ ಏನು ಮಾಡುವುದು ಎನ್ನುವುದು ನನ್ನ ಹತ್ತಿರ ಇಲ್ಲ, ಸುಳ್ಳು ಸಮಾಧಾನ ಬರೆಯುವುದಿಲ್ಲ. ಬಸ್ಸಿನಲ್ಲಿ ನಿನ್ನ ಪಕ್ಕ ಕೂತಿರುತ್ತೇನೆ, ಅಷ್ಟು ಮಾತ್ರ ಹೇಳಬಲ್ಲೆ.

ನನಗೆ ಸಿಟ್ಟು ಯಾವುದಕ್ಕೆ ಗೊತ್ತೇ? ಕಣ್ಣು ಹೋದದ್ದಕ್ಕಲ್ಲ. ಐದು ವರ್ಷ ರವಿವಾರ ರವಿವಾರ ಕಿವಿಗೆ ಬಾಯಿ ಹಚ್ಚಿ ಮಾತಾಡಿದ್ದೇವೆ. ಎತ್ತಿಗೆ ನೀರು ಕುಡಿಸಿದೆಯಾ ಎಂದು ಕೇಳಿದವನು ಒಮ್ಮೆಯಾದರೂ ಭುವಿ, ನನಗೆ ಕಾಣುತ್ತಿಲ್ಲ ಎನ್ನಲಿಲ್ಲ. ನಾನು ಚಿತ್ರ ದೊಡ್ಡದು ಮಾಡುತ್ತ ಹೋದೆ, ಇನ್ನೂ ದೊಡ್ಡದು, ಇನ್ನೂ ದೊಡ್ಡದು. ನೀನು ಒಬ್ಬನೇ ಕತ್ತಲೆಯಲ್ಲಿ ಕೂತು ಮನಸ್ಸಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದೆ. ಅದನ್ನು ನೆನೆದರೆ ಹೊಡೆಯಬೇಕು ಎನಿಸುತ್ತದೆ, ಮರುಕ್ಷಣ ನಿನ್ನ ಕೈ ಹಿಡಿದು ಕೂರಬೇಕು ಎನಿಸುತ್ತದೆ.

ಕುಸುರೆಳ್ಳು ತಿನ್ನು. ನಾನು ಬರುವತನಕ ಎಲ್ಲಿಗೂ ಹೋಗಬೇಡ.

ನಿನ್ನ ಜಗಳಗಂಟಿ ತಂಗಿ,
ಭುವಿ

ತಾ. ಕ.: ವೈನಿ, ಈ ಸಾಲುಗಳು ನಿಮಗೆ. ಇಲ್ಲಿಯವರೆಗೆ ಗಟ್ಟಿಯಾಗಿ ಓದಿಕೊಂಡು ಬಂದವರು ನೀವೇ ಎಂದು ನನಗೆ ಗೊತ್ತು. ಮದುವೆ ಕಾರ್ಡು, ಕರೆಂಟಿನ ಬಿಲ್ಲು, ಏನು ಬಂದರೂ ನೀನೇ ಓದು, ನಾನು ಕೇಳುತ್ತೇನೆ ಎಂದು ನಿಮ್ಮ ಕೈಗೇ ಕೊಡುತ್ತಾನೆ, ಮಹಾರಾಜರ ದರ್ಬಾರು ನಡೆದಿದೆ ಎಂದು ನೀವೇ ನಗುತ್ತ ಹೇಳಿದ್ದಿರಿ. ಅವನು ತಾನೇ ಓದುವಂತಿದ್ದರೆ ಈ ಕಾಗದ ಒಲೆ ಸೇರುತ್ತಿತ್ತು, ನಾನು ಸುಳ್ಳುಗಾರ್ತಿಯಾಗುತ್ತಿದ್ದೆ. ಹಾಗಾಗಲಿ ಎಂದು ನಿನ್ನೆಯಿಂದ ಬೇಡಿಕೊಂಡಿದ್ದೇನೆ. ಆಟದ ಕಥೆಯನ್ನು ಮೊದಲು ಇಷ್ಟುದ್ದ ಬರೆದದ್ದು ಅವನು ನಗುತ್ತ ಕೇಳುತ್ತ ಕೂತಿರಲಿ, ಸುರುವಿಗೇ ನಿಮ್ಮ ಕೈಯಿಂದ ಕಸಿದುಕೊಳ್ಳದಿರಲಿ ಎಂದು. ನಿಮಗೆ ಇದನ್ನು ಈ ರೀತಿ ತಿಳಿಸಿದ್ದಕ್ಕೆ ರವಿವಾರ ನನ್ನನ್ನು ಎಷ್ಟು ಬೇಕಾದರೂ ಬೈಯಿರಿ, ಹೊಸ್ತಿಲಲ್ಲೇ ನಿಂತು ಬೈಸಿಕೊಳ್ಳುತ್ತೇನೆ. ಈಗ ಎದ್ದು ವ್ಯಾನಿನ ಚಾವಿ ತೆಗೆದುಕೊಂಡು ನಿಮ್ಮ ಸೆರಗಿಗೆ ಕಟ್ಟಿಕೊಳ್ಳಿ. ಆಮೇಲೆ ಅವನ ಪಕ್ಕ ಹೋಗಿ ಕೂತುಕೊಳ್ಳಿ.